ಎದ್ದವನ ಮಾತು

ಕತ್ತರಿ ಅಕ್ಕ ದಿನವಿಡೀ ತನ್ನ ಸಲೂನಿನಲ್ಲಿ ಇನ್ನೊಬ್ಬರ ತಲೆ ತೊಳೆಯುವವಳು. ತನ್ನ ತಲೆಗೆ ಮಾತ್ರ ಚೊಂಬಿನಲ್ಲಿ ಅಳೆದು ಅಳೆದು, ಕಣ್ಣು ಬಿಟ್ಟುಕೊಂಡೇ ನೀರು ಹಾಕಿಕೊಳ್ಳುತ್ತಿದ್ದಳು. ಮುಖದ ಮೇಲೆ ಒಂದು ಗಳಿಗೆ ನೀರು ನಿಂತರೆ ಸಾಕು, ಜೀವ ಬಾಯಿಗೆ ಬರುತ್ತಿತ್ತು. ಯಾಕೆಂದು ಅವಳಿಗೂ ಗೊತ್ತಿರಲಿಲ್ಲ. ಚಿಕ್ಕಂದಿನಲ್ಲಿ ಬಾವಿಗೆ ಬಿದ್ದದ್ದಿಲ್ಲ, ಯಾರೂ ಕೆರೆಗೆ ತಳ್ಳಿದ್ದಿಲ್ಲ. ಕೆಲವರಿಗೆ ಹಲ್ಲಿ ಕಂಡರೆ ಆಗುವುದಿಲ್ಲ, ಇವಳಿಗೆ ನೀರು ಆಗುತ್ತಿರಲಿಲ್ಲ, ಅಷ್ಟೆ.

ತಮ್ಮ ಇದಕ್ಕೆ ಪೂರಾ ತದ್ವಿರುದ್ಧ. ಲಿಫ್ಟು ರಿಪೇರಿ ಮಾಡುವವನು, ಕತ್ತಲ ಗುಂಡಿಗಳಲ್ಲಿ ತಂತಿ ಹಿಡಿದು ನೇತಾಡುವುದೇ ಅವನ ಕೆಲಸ. ಅಮ್ಮ ಕೆಲಸಕ್ಕೆ ಹೋಗುತ್ತಿದ್ದಾಗ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅಕ್ಕನೇ. ರಜೆ ಸಿಕ್ಕಾಗಲೆಲ್ಲ ಬಸ್ಸು ಹತ್ತಿ ಕಡಲೂರಿಗೆ ಓಡುತ್ತಿದ್ದ. ಬೆನ್ನಿಗೆ ಗಾಳಿ ಸಿಲಿಂಡರ್ ಕಟ್ಟಿಕೊಂಡು ನೀರಿನಡಿ ಇಳಿಯುವ ಹುಚ್ಚು ಅವನಿಗೆ ಹಿಡಿದಿತ್ತು. ಬಂದು ಸಲೂನಿನ ಕುರ್ಚಿಯಲ್ಲಿ ಗರಗರ ತಿರುಗುತ್ತಾ, "ಅಕ್ಕಾ, ಕೆಳಗೆ ಎಷ್ಟು ಸುಖ ಗೊತ್ತಾ? ಸದ್ದೇ ಇಲ್ಲ. ನಿನ್ನ ಬೈಗುಳ ಕೂಡ ಅಲ್ಲಿಗೆ ಬರಲ್ಲ" ಎನ್ನುತ್ತಿದ್ದ.

ಒಂದು ರಜೆಗೆ ಹೋದವನು ಬರಲಿಲ್ಲ. ಅವನ ದೇಹ ಬಂತು.

ಅವನನ್ನು ನೀರಿಗೆ ಇಳಿಸಿದ ಡೈವಿಂಗ್ ಮಾಸ್ಟರ್ ಪೊಲೀಸರ ಮುಂದೆ ಹೇಳಿದ್ದು ಇಷ್ಟು: ಹುಡುಗ ಕೆಳಗೆ ಹೆದರಿ ಕೈಕಾಲು ಬಡಿದ, ನಾನು ಕೊನೆಯವರೆಗೂ ಹಿಡಿದುಕೊಂಡಿದ್ದೆ, ಅವನೇ ಕೈ ಬಿಡಿಸಿಕೊಂಡ. ಇಬ್ಬರು ಮುಳುಗಿ ಒಬ್ಬನೇ ಎದ್ದರೆ ಎದ್ದವನ ಮಾತೇ ವೇದ. ಬರೆದುಕೊಂಡರು, ಮುಚ್ಚಿದರು. ಮಾಸ್ಟರ್ ಮನೆಗೆ ಬರಲಿಲ್ಲ, ಒಂದು ಹೂಗುಚ್ಛ ಕಳಿಸಿದ.

ಅಮ್ಮ ಆ ಮಾತನ್ನು ನಂಬಿದಳು. ನಂಬಿ ಸತ್ತ ಮಗನ ಮೇಲೆಯೇ ಸಿಟ್ಟಾದಳು. "ಹಿಡ್ಕೊಂಡ ಕೈಯನ್ನೇ ಒದರಿಕೊಂಡನಂತೆ, ಮುಠ್ಠಾಳ" ಎಂದು ಪಾತ್ರೆ ಕುಕ್ಕುತ್ತಿದ್ದಳು. ಒಂದು ಹನಿ ಕಣ್ಣೀರು ಹಾಕಲಿಲ್ಲ.

ಕೆಲವು ವಾರ ಕಳೆದ ಮೇಲೆ ಮಾಸ್ಟರನ ದೋಣಿ ಓಡಿಸುವ ಮುದುಕ ಅವರ ವಿಳಾಸ ಹುಡುಕಿಕೊಂಡು ಸಲೂನಿಗೆ ಬಂದ. ಕುರ್ಚಿಯಲ್ಲಿ ಕೂರದೆ ಗೋಡೆಗೆ ಒರಗಿ ನಿಂತ.

"ಆ ಮಾಸ್ಟರ್ ಹಿಡ್ಕೊಂಡಿರಲಿಲ್ಲಮ್ಮಾ. ಚೆಂಡನ್ನ ನೀರಲ್ಲಿ ಅದುಮಿ ಬಿಟ್ಟರೆ ಎಗರಿ ಬರುತ್ತಲ್ಲ, ಹಂಗೆ ಬಂದ, ಒಬ್ಬನೇ. ದೋಣಿ ಹತ್ತಿ ಸುಮ್ಮನೆ ಕೂತ. ಇಳಿ, ಮತ್ತೆ ಇಳಿ ಅಂತ ನಾನೇ ಬಡ್ಕೊಂಡೆ. ತುಂಬ ಹೊತ್ತಾದ ಮೇಲೆ ಇಳಿದ."

"ಇದನ್ನ ಪೊಲೀಸರಿಗೆ ಹೇಳಲಿಲ್ವಾ?"

"ಹೇಳಿದೆ. ನೀನು ನೀರೊಳಗೆ ಇದ್ಯಾ ಅಂದ್ರು. ಇರಲಿಲ್ಲ ಅಂದೆ. ಪೆನ್ನು ಮುಚ್ಚಿಟ್ರು." ಮುದುಕ ಕಣ್ಣು ಕೆಳಗೆ ಹಾಕಿದ. "ಈಗಲೂ ಅವನ ದೋಣಿನೇ ಓಡಿಸ್ತೀನಿ. ಹೊಟ್ಟೆಪಾಡು. ಆದ್ರೆ ಊಟ ಗಂಟಲಲ್ಲಿ ಇಳಿಯಲ್ಲ."

ಅವನು ಹೋದ ಮೇಲೆ ಕತ್ತರಿ ಅಕ್ಕ ಸಲೂನಿನ ಶಟರ್ ಎಳೆದು ನೆಲದ ಮೇಲಿನ ಕೂದಲ ನಡುವೆಯೇ ಕೂತಳು. ನೀರಿನಡಿ ನಡೆದದ್ದಕ್ಕೆ ನೀರಿನಡಿಯೇ ಲೆಕ್ಕ ತೀರಬೇಕು ಎಂದು ಅವಳಿಗೆ ಅನ್ನಿಸಿದ್ದು ಅಲ್ಲೇ. ಹೇಗೆ ಎಂಬುದೂ ತಲೆಯಲ್ಲಿ ಬಂದುಬಿಟ್ಟಿತು: ಮಾಸ್ಟರ್ ಜೊತೆ ತಾನೊಬ್ಬಳೇ ಕೆಳಗೆ ಇಳಿಯುವುದು, ಅವನ ಬಾಯಿಂದ ಗಾಳಿಯ ಕೊಳವೆ ಕೀಳುವುದು. ಎದ್ದು ಬಂದು, ಕೊನೆಯವರೆಗೂ ಹಿಡಿದುಕೊಂಡಿದ್ದೆ ಎನ್ನುವುದು.

ಅದಕ್ಕೆ ಮೊದಲು ಮುಖಕ್ಕೆ ನೀರು ತಾಗಿಸಿಕೊಳ್ಳುವುದನ್ನು ಕಲಿಯಬೇಕಿತ್ತು.

ತಿಂಗಳುಗಟ್ಟಲೆ ಶುಲ್ಕದ ದುಡ್ಡು ಕೂಡಿಹಾಕಿ, ಸಲೂನನ್ನು ಗೆಳತಿಗೆ ಒಪ್ಪಿಸಿ, ಅಮ್ಮನಿಗೆ ಬ್ಯೂಟಿ ತರಬೇತಿ ಎಂದು ಸುಳ್ಳು ಹೇಳಿ ಕಡಲೂರಿಗೆ ಬಂದಳು. ಮಾಸ್ಟರ್ ಅವಳನ್ನು ಕಂಡವನಲ್ಲ, ಗುರುತಿನ ಪ್ರಶ್ನೆಯೇ ಇರಲಿಲ್ಲ. ಅವಳ ಜೊತೆ ಕಲಿಯಲು ಹೊಸದಾಗಿ ಮದುವೆಯಾದ ಒಂದು ಜೋಡಿ ಇತ್ತು. ಹುಡುಗಿ ಕೈಯಿಂದ ಫೋನು ಇಳಿಸುತ್ತಿರಲಿಲ್ಲ. ಗಂಡ ಸೀನಿದರೂ ವಿಡಿಯೋ. ದೋಣಿಯ ಮುದುಕ ಅವಳನ್ನು ನೋಡಿದ ಕೂಡಲೇ ಗುರುತು ಹಿಡಿದ. ಹಗ್ಗ ಸುತ್ತುತ್ತಾ ಬೇರೆ ಕಡೆ ತಿರುಗಿದ.

ಮೊದಲ ಪಾಠ ಈಜುಕೊಳದಲ್ಲಿ. ಎದೆಮಟ್ಟ ನೀರು. ಜೋಡಿ ಕಿಲಕಿಲ ನಗುತ್ತಾ ಇಳಿಯಿತು. ಕತ್ತರಿ ಅಕ್ಕ ಮೆಟ್ಟಿಲ ಮೇಲೆ ನಿಂತು ಹೆಬ್ಬೆರಳು ಅದ್ದಿ ತೆಗೆದಳು, ಮತ್ತೆ ಅದ್ದಿ ತೆಗೆದಳು.

"ಏನ್ರೀ, ಬೆಕ್ಕು ಬಂದಂಗೆ ಬಂದಿದ್ದೀರಿ" ಎಂದ ಮಾಸ್ಟರ್. ಅಂದಿನಿಂದ ಅಲ್ಲಿ ಅವಳ ಹೆಸರು ಬೆಕ್ಕು.

ಕಣ್ಣು ಮೂಗು ಮುಚ್ಚುವ ಗಾಜಿನ ಮಾಸ್ಕ್ ಹಾಕಿ, ರಬ್ಬರ್ ಕೊಳವೆ ಬಾಯಿಗೆ ಕಚ್ಚಿಸಿ, "ಮೂಗು ಇದೆ ಅನ್ನೋದನ್ನೇ ಮರೆತುಬಿಡಿ. ಬಾಯಲ್ಲೇ ಉಸಿರು" ಎಂದ. ಮುಖ ಅದ್ದಿದಳು. ಕಿವಿಯಲ್ಲಿ ಗುಳುಗುಳು ಸದ್ದು, ಎದೆಯಲ್ಲಿ ನಗಾರಿ. ಧಡಕ್ಕನೆ ಎದ್ದು ಕೆಮ್ಮಿದಳು. ಮತ್ತೆ ಅದ್ದಿದಳು, ಮತ್ತೆ ಎದ್ದಳು. ಮೈ ನೀರಿನಲ್ಲಿದ್ದರೂ ಬೆವರುತ್ತಿತ್ತು.

ಅವಳಿಗೆ ಹೊಟ್ಟೆ ಉರಿಸಿದ್ದು ಒಂದೇ: ಹಾಳಾದವನು ಚೆನ್ನಾಗಿ ಕಲಿಸುತ್ತಿದ್ದ. ರೇಗುತ್ತಿರಲಿಲ್ಲ. "ನಿಧಾನ, ಆಗುತ್ತೆ, ನಾನಿದ್ದೀನಲ್ಲ" ಎಂದು ಮಗುವಿಗೆ ಹೇಳುವಂತೆ ಹೇಳುತ್ತಿದ್ದ. ತಮ್ಮನಿಗೂ ಹೀಗೇ ಹೇಳಿರಬೇಕು. ಅದು ನೆನಪಾದಾಗಲೆಲ್ಲ ಹಲ್ಲಿನ ನಡುವಿನ ರಬ್ಬರ್ ಕಡಿದು ಹೋಗುವಷ್ಟು ಕಚ್ಚಿ ಮತ್ತೆ ಮುಳುಗುತ್ತಿದ್ದಳು. ಭಯ ಹೋಗಲಿಲ್ಲ. ಸಿಟ್ಟು ಅದರ ಕುತ್ತಿಗೆ ಮೇಲೆ ಕಾಲಿಟ್ಟು ನಿಂತಿತು.

ಎಲ್ಲಕ್ಕಿಂತ ಕಷ್ಟದ್ದು ಮಾಸ್ಕಿನ ಪಾಠ. ನೀರಿನಡಿ ಮಾಸ್ಕಿಗೆ ಬೇಕೆಂದೇ ನೀರು ಬಿಟ್ಟುಕೊಂಡು, ತಲೆ ಮೇಲೆತ್ತಿ, ಮೂಗಿನಿಂದ ಉಸಿರು ಊದಿ ಆ ನೀರನ್ನು ಹೊರಗೆ ತಳ್ಳಬೇಕು. ಅವಳಿಗೆ ಅದು ಆಗಲೇ ಇಲ್ಲ. ಮೂಗಿಗೆ ನೀರು ತಾಗಿದೊಡನೆ ಲೋಕವೇ ಮರೆತು ಮೇಲೆ ಓಡುತ್ತಿದ್ದಳು. ಕೊನೆಗೊಮ್ಮೆ ಹೇಗೋ ಅರೆಬರೆ ಮಾಡಿದಳು. ಹುಡುಗಿ ಚಪ್ಪಾಳೆ ತಟ್ಟಿ ವಿಡಿಯೋ ಮಾಡಿದಳು.

ಅಂದು ಕೊಳದ ಅಂಚಿನಲ್ಲಿ ಕೂರಿಸಿ ಮಾಸ್ಟರ್ ಕೈಸನ್ನೆಗಳನ್ನು ಕಲಿಸಿದ. ಅಂಗೈಯನ್ನು ಕತ್ತು ಕೊಯ್ದಂತೆ ಆಡಿಸಿದರೆ ಗಾಳಿ ಮುಗಿಯಿತು ಎಂದರ್ಥ. ಆಗ ಜೊತೆಗಿದ್ದವನು ತನ್ನ ಸಿಲಿಂಡರಿನ ಇನ್ನೊಂದು ಕೊಳವೆ ಕೊಡಬೇಕು, ಎದೆಪಟ್ಟಿ ಹಿಡಿದು ಮೇಲೆ ತರಬೇಕು.

"ಇವಳು ಹೆದರಿ ನಿಮ್ಮನ್ನೇ ಪರಚಿದ್ರೆ?" ಎಂದ ಹೊಸ ಗಂಡ, ಹೆಂಡತಿಯನ್ನು ತೋರಿಸಿ.

"ಪರಚಲಿ, ಒದೀಲಿ, ನಾನು ಬಿಡಲ್ಲ. ಅದಕ್ಕೇ ಇರೋದು ನಾನು." ಮಾಸ್ಟರ್ ದನಿ ತಗ್ಗಿಸಿದ. "ಹಿಂದೆ ಒಬ್ಬ ಹುಡುಗ ಇದ್ದ. ಗುಂಡಿಗೆ ಇಲ್ಲದವನು. ಕೆಳಗೆ ಹೋದ ಕೂಡಲೇ ಹೆದರಿಬಿಟ್ಟ. ಕೊನೆ ತನಕ ಹಿಡ್ಕೊಂಡಿದ್ದೆ. ಅವನೇ ಕೈ ಬಿಡಿಸ್ಕೊಂಡ. ಅದಕ್ಕೇ ಹೇಳೋದು, ಧೈರ್ಯ ಇರಬೇಕು ಅಂತ."

ಹುಡುಗಿ ಚ್ಚು ಚ್ಚು ಎಂದಳು. ಕತ್ತರಿ ಅಕ್ಕನಿಗೆ ಕಿವಿಯಲ್ಲಿ ಕಾದ ಎಣ್ಣೆ ಹೊಯ್ದಂತಾಯಿತು. ಕೊಂದದ್ದು ಸಾಲದೆಂದು ತಮ್ಮನನ್ನು ಇವನು ನೀತಿಪಾಠ ಮಾಡಿಕೊಂಡಿದ್ದ. ಬಂದವರಿಗೆಲ್ಲ ಹೇಳುತ್ತಿದ್ದ. ಲಿಫ್ಟಿನ ಕತ್ತಲ ಗುಂಡಿಗಳಲ್ಲಿ ನೇತಾಡುತ್ತಿದ್ದ ಹುಡುಗ ಗುಂಡಿಗೆ ಇಲ್ಲದವನಂತೆ!

ಅಂದು ಬಾಡಿಗೆ ಕೋಣೆಯಲ್ಲಿ ಬಟ್ಟೆ ಹಿಂಡುತ್ತಾ ಅವಳು ಮನಸ್ಸು ಬದಲಾಯಿಸಿದಳು. ದಯೆಯಿಂದಲ್ಲ. ಕೊಂದರೆ ಸತ್ತುಹೋಗುತ್ತಾನೆ. ಸತ್ತವನಿಗೆ ನಾಚಿಕೆ ಇಲ್ಲ, ಅವನ ಸುಳ್ಳಿಗೆ ಸಾವೂ ಇಲ್ಲ. ಅವನು ಬದುಕಿರಬೇಕು, ಎಲ್ಲರೆದುರು ಬೆತ್ತಲಾಗಿ.

ಕಡಲಿಗೆ ಹೋದ ದಿನ ಬಿಸಿಲು ಚೆನ್ನಾಗಿತ್ತು. ಒಬ್ಬೊಬ್ಬರನ್ನೇ ಇಳಿಸುವುದು ಎಂದು ಮಾಸ್ಟರ್ ಹೇಳಿದ. "ಮೊದಲು ಬೆಕ್ಕು."

ಲಂಗರಿನ ಹಗ್ಗ ಹಿಡಿದು ಇಬ್ಬರೂ ಇಳಿದರು. ಮುಳುಗಿಸಲೆಂದು ಸೊಂಟಕ್ಕೆ ಕಟ್ಟಿದ ಸೀಸದ ಪಟ್ಟಿ ಕೆಳಗೆಳೆಯುತ್ತಿತ್ತು. ಮೂಗು ಹಿಡಿದು ಊದಿದಾಗಲೆಲ್ಲ ಕಿವಿ ಟಪ್ಪೆಂದು ಬಿಟ್ಟುಕೊಳ್ಳುತ್ತಿತ್ತು. ಹಸಿರು ಹೋಗಿ ನೀಲಿ ಬಂತು. ತಮ್ಮ ಹೇಳಿದ್ದು ನಿಜ, ತನ್ನ ಉಸಿರಿನ ಸದ್ದೊಂದನ್ನು ಬಿಟ್ಟರೆ ಏನೂ ಇಲ್ಲ. ಮಾಸ್ಟರ್ ಬಂಡೆಯ ಸಂದಿಯಲ್ಲಿದ್ದ ಪಟ್ಟೆಪಟ್ಟೆ ಮೀನನ್ನು ತೋರಿಸಿದ. ನೋಡಿದಳು. ಚೆಂದವೇ ಇತ್ತು.

ನಂತರ ಅವನ ಕಡೆ ತಿರುಗಿ ಅಂಗೈಯನ್ನು ಕತ್ತು ಕೊಯ್ದಂತೆ ಆಡಿಸಿದಳು.

ಅವನು ಕೂಡಲೇ ತನ್ನ ಇನ್ನೊಂದು ಕೊಳವೆ ಚಾಚಿದ. ಅವಳು ಅದನ್ನು ತೆಗೆದುಕೊಳ್ಳದೆ ಎರಡೂ ಕೈಗಳಿಂದ ಅವನ ಎದೆಪಟ್ಟಿಗೆ ಜೋತುಬಿದ್ದಳು. ಹೆದರಿದವರು ಬೀಳುವಂತೆಯೇ, ಪರಚಿ, ಜಗ್ಗಿ, ಕಾಲು ಸುತ್ತಿ. ಗಾಜಿನ ಹಿಂದೆ ಅವನ ಕಣ್ಣು ಅಗಲವಾದವು. ಅಲ್ಲಿ ಮಾಸ್ಟರ್ ಇರಲಿಲ್ಲ, ಜೀವ ಉಳಿದರೆ ಸಾಕೆನ್ನುವ ಯಾವನೋ ಇದ್ದ. ಅವನು ಅವಳ ಬೆರಳುಗಳನ್ನು ಒಂದೊಂದಾಗಿ ಕಿತ್ತ, ಮೊಣಕಾಲೆತ್ತಿ ಎದೆಗೆ ಒದ್ದ. ಇನ್ನೊಂದು ಒದೆತ ಮುಖಕ್ಕೆ ಬಿತ್ತು. ಗುಳ್ಳೆಗಳ ರಾಶಿಯೆಬ್ಬಿಸಿ ಅವನು ಮೇಲಕ್ಕೆ ಕಾಲು ಕಿತ್ತ.

ಒದೆತಕ್ಕೆ ಮಾಸ್ಕ್ ಓರೆಯಾಗಿ ತುಂಬ ಉಪ್ಪುನೀರು ನುಗ್ಗಿತ್ತು. ಇದನ್ನು ಅವಳು ಲೆಕ್ಕಕ್ಕೆ ಹಿಡಿದಿರಲಿಲ್ಲ. ಕಣ್ಣು ಕಾಣದು, ಮೂಗಿನೊಳಗೆ ನೀರು, ಮೈಯ ಪ್ರತಿ ನರವೂ ಓಡು ಓಡು ಎನ್ನುತ್ತಿತ್ತು. ತಮ್ಮನೂ ಹೀಗೇ, ಇಂಥದ್ದೇ ನೀಲಿಯಲ್ಲಿ, ಒದ್ದವನ ಕಾಲು ಮಸುಕಾಗುವುದನ್ನು ನೋಡುತ್ತಾ... ಅವಳು ಬಾಯಿಂದ ಉಸಿರೆಳೆದಳು. ಇನ್ನೊಮ್ಮೆ ಎಳೆದಳು. ನಾನು ಇಲ್ಲೇ ಸತ್ತರೆ ಇವನ ಬಾಯಿಗೆ ಇನ್ನೊಂದು ಕಥೆ ಸಿಗುತ್ತದೆ ಎಂದು ಹೊಳೆದದ್ದೇ ತಡ, ಮೈ ತಣ್ಣಗಾಯಿತು. ಮಾಸ್ಕನ್ನು ಸರಿಮಾಡಿ, ಹಣೆಯ ಮೇಲಿನ ಅಂಚು ಒತ್ತಿ, ತಲೆಯೆತ್ತಿ ಮೂಗಿನಿಂದ ಊದಿದಳು. ನೀರು ಇಳಿಯಿತು. ಕಣ್ಣು ಉರಿಯುತ್ತಿದ್ದರೂ ಹಗ್ಗ ಕಂಡಿತು.

ನಿಧಾನವಾಗಿ ಹತ್ತಿದಳು, ನಮ್ಮ ಗುಳ್ಳೆಗಿಂತ ನಾವು ಮುಂದೆ ಹೋಗಬಾರದು ಎಂದು ಅವನೇ ಕಲಿಸಿದಂತೆ.

ನೀರಿನಿಂದ ತಲೆ ಹೊರಬಂದದ್ದು ದೋಣಿಯ ಹಿಂಭಾಗದ ಏಣಿಯ ಹತ್ತಿರ. ಮಾಸ್ಟರ್ ಅವಳಿಗೆ ಬೆನ್ನು ಹಾಕಿ ಕೂತು ಏದುಸಿರು ಬಿಡುತ್ತಿದ್ದ. ಹೊಸ ಜೋಡಿ ಬಿಳಿಚಿಕೊಂಡು ನಿಂತಿತ್ತು. ಹುಡುಗಿಯ ಕೈಯಲ್ಲಿ ಫೋನು ಎತ್ತಿದ್ದು ಎತ್ತಿದಂತೆಯೇ ಇತ್ತು, ವಿಡಿಯೋ ಓಡುತ್ತಲೇ ಇತ್ತು. ಮುದುಕ ಮಾತ್ರ ಹಗ್ಗದ ಪಕ್ಕ ಏಳುತ್ತಿದ್ದ ಗುಳ್ಳೆಗಳನ್ನು ಆಗಲೇ ಕಂಡಿದ್ದ. ಈಗ ಅವಳನ್ನೂ ಕಂಡ. ಕಂಡು, ಕಾಣದವನಂತೆ ಕೇಳಿದ:

"ಆಮೇಲೇನಾಯ್ತು ಮಾಸ್ಟ್ರೇ?"

"ಏನಾಗೋದು! ಹೆದರಿಬಿಟ್ಲು. ಕೊನೆ ತನಕ ಹಿಡ್ಕೊಂಡಿದ್ದೆ ಕಣಯ್ಯಾ. ಅವಳೇ ಕೈ ಬಿಡಿಸ್ಕೊಂಡ್ಳು."

"ಅಯ್ಯೋ ಪಾಪ. ಕೊನೆ ತನಕ?"

"ಕಣ್ಣೆದುರೇ ಹೋದ್ಲು. ನಾನು ಏನು ಮಾಡೋಕೆ ಆಗುತ್ತೆ? ಗುಂಡಿಗೆ ಇಲ್ಲದವರು ಇಳೀಬಾರದು."

"ಮತ್ತೆ ಇಳಿದು ನೋಡಲ್ವಾ?"

"ಏನಿದೆ ನೋಡೋಕೆ, ಮುಗೀತು ಅಷ್ಟೇ."

ಕತ್ತರಿ ಅಕ್ಕ ಕೊಳವೆ ಉಗಿದಳು. "ಮುಗಿದಿಲ್ಲ" ಎಂದಳು.

ಮಾಸ್ಟರ್ ತಿರುಗಿದ. ಅವನ ಮುಖದಲ್ಲಿ ಹನಿ ರಕ್ತ ಉಳಿಯಲಿಲ್ಲ. ಮುದುಕ ಕೈಕೊಟ್ಟು ಅವಳನ್ನು ಮೇಲೆಳೆದುಕೊಂಡ. ಅವಳ ಕೆನ್ನೆಯ ಮೇಲೆ ಒದೆತದ ಗುರುತು ಕೆಂಪಗೆ ಎದ್ದಿತ್ತು. ಸಿಲಿಂಡರಿನ ಗಾಳಿ ಅಳೆಯುವ ಮುಳ್ಳು ಇನ್ನೂ ಅರ್ಧಕ್ಕಿಂತ ಮೇಲಿತ್ತು. ಅದನ್ನು ಎತ್ತಿ ಹುಡುಗಿಯ ಫೋನಿನ ಮುಂದೆ ಹಿಡಿದಳು.

"ಹೋದ ವರ್ಷ ನೀನು ಒದ್ದು ಬಿಟ್ಟು ಬಂದ್ಯಲ್ಲ, ಲಿಫ್ಟು ರಿಪೇರಿ ಹುಡುಗ, ಅವನ ಅಕ್ಕ ನಾನು."

ಮಾಸ್ಟರ್ ಹಿಂದಕ್ಕೆ ಸರಿದ. "ಭಯ ಆಯ್ತು... ಇಬ್ಬರೂ ಸಾಯ್ತಿದ್ವಿ... ನಂಗೂ ಭಯ ಆಗುತ್ತೆ" ಎಂದ.

"ಭಯ ನಂಗೂ ಆಯ್ತು. ನೀರು ಕಂಡರೆ ಸಾಯೋಳು ನಾನು. ನಿನಗೆ ಭಯ ಆಗಿದ್ದಕ್ಕೆ ನಾನು ಬಂದಿಲ್ಲ. ನಿನ್ನ ಭಯಾನ ತೆಗೆದು ನನ್ನ ತಮ್ಮನ ತಲೆ ಮೇಲೆ ಹಾಕಿ ಊರೆಲ್ಲ ಸಾರಿದ್ಯಲ್ಲ, ಅದಕ್ಕೆ ಬಂದೆ."

"ಉಪ್ಪು ತಿಂದವನು ನೀರು ಕುಡೀಲೇಬೇಕು" ಎಂದು ಮುದುಕ ಗೊಣಗಿ ಎಂಜಿನ್ನಿನ ಹಗ್ಗ ಜಗ್ಗಿದ. ದೋಣಿ ದಡದ ಕಡೆ ತಿರುಗಿತು. ಮಾಸ್ಟರ್ ಹುಡುಗಿಯ ಕಡೆ ಕೈ ಚಾಚಿ, "ಅದನ್ನ ಅಳಿಸಿಬಿಡಮ್ಮಾ" ಎಂದ. ಹುಡುಗಿ ಫೋನನ್ನು ಗಂಡನ ಜೇಬಿಗೆ ತುರುಕಿ ಜೇಬಿನ ಮೇಲೆ ಕೈಯಿಟ್ಟು ಕೂತಳು.

ಆ ವಿಡಿಯೋ ಪೊಲೀಸರನ್ನು ತಲುಪುವ ಮೊದಲೇ ಊರನ್ನು ತಲುಪಿತು. ಡೈವಿಂಗ್ ಶಾಲೆಯ ಬೋರ್ಡು ಇಳಿಯಿತು, ಲೈಸೆನ್ಸು ಹೋಯಿತು, ಹಳೆಯ ಕೇಸು ಮತ್ತೆ ತೆರೆಯಿತು. ಈ ಸಲ ಮುದುಕ ಹೇಳಿದ್ದನ್ನು ಪೂರ್ತಿ ಬರೆದುಕೊಂಡರು. ಎದೆಗೆ ಜೋತುಬಿದ್ದು ಪರಚಿದ್ದು ನ್ಯಾಯವೇ ಎಂದು ಕೆಲವರು ಕೇಳಿದರು. ಪರಚಿದರೂ ಬಿಡಲ್ಲ ಅಂದಿದ್ದ, ಅದನ್ನೇ ನೋಡಿದೆ ಎಂದಳು ಕತ್ತರಿ ಅಕ್ಕ.

ಒಮ್ಮೆ ಮಾಸ್ಟರನ ಭಾವಮೈದ ಸಲೂನಿಗೇ ಬಂದ. "ತಪ್ಪಾಯ್ತು ಅಂತಿದ್ದಾನೆ. ಹೊರಗೆ ಮುಖ ತೋರಿಸೋಕಾಗ್ತಿಲ್ಲ. ನೀವು ದೊಡ್ಡ ಮನಸ್ಸು ಮಾಡಿ..."

"ತಲೆ ತೊಳೆಸ್ಕೋಬೇಕಾ? ಕೂತ್ಕೊಳ್ಳಿ. ಬೇರೆ ಮಾತಿಗಾದ್ರೆ ಬಾಗಿಲು ಅಲ್ಲಿದೆ."

ಅವನು ಹೋದ. ಅವಳಿಗೆ ಬೇಸರವಾಗಲಿಲ್ಲ. ಆಗಬೇಕಿತ್ತೇನೋ ಎಂದು ಸಂಜೆ ಒಂದು ಗಳಿಗೆ ಯೋಚಿಸಿದಳು, ಆಗಲೂ ಆಗಲಿಲ್ಲ.

ಅಮ್ಮನಿಗೆ ವಿಡಿಯೋ ತೋರಿಸಿದ್ದು ಕಡಲೂರಿನಿಂದ ಬಂದ ದಿನವೇ, ಅಡುಗೆಮನೆಯಲ್ಲಿ. ಅಮ್ಮ ಕನ್ನಡಕ ಏರಿಸಿ ನೋಡಿದಳು. "ಇನ್ನೊಂದು ಸಲ ಹಾಕು" ಎಂದಳು. 'ಕೊನೆ ತನಕ ಹಿಡ್ಕೊಂಡಿದ್ದೆ' ಎಂಬಲ್ಲಿ ನಿಲ್ಲಿಸಲು ಹೇಳಿ ಆ ಮುಖವನ್ನು ದಿಟ್ಟಿಸಿದಳು. ಆಮೇಲೆ ಮಗಳ ಕೆನ್ನೆಯ ಬಾವನ್ನು ಬೆರಳಿನಿಂದ ಮುಟ್ಟಿದಳು.

"ಇವನಿಗೆ ಹೆಂಡ್ತಿ ಮಕ್ಕಳು ಇದ್ದಾರಾ?"

"ಇದ್ದಾರಮ್ಮಾ."

"ಅವರೂ ಇದನ್ನ ನೋಡಿದ್ರಾ?"

"ಊರೇ ನೋಡಿದೆ."

"ಹಾಗಾದ್ರೆ ಸರಿ."

ಅಮ್ಮ ಎದ್ದು, ಒಲೆ ಆರಿಸಿ, ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಆಮೇಲೆ, ಒಂದು ವರ್ಷದಿಂದ ಆ ಮನೆಯಲ್ಲಿ ಕೇಳಿರದ ಅಳು ಕೇಳಿಸಿತು. "ಮಗನೇ, ನಿನ್ನ ಬೈದುಬಿಟ್ಟೆನಲ್ಲೋ" ಎಂದು ಅಮ್ಮ ಎದೆ ಬಿರಿಯುವಂತೆ ಅಳುತ್ತಿದ್ದಳು. ಕತ್ತರಿ ಅಕ್ಕ ಒಳಗೆ ಹೋಗಲಿಲ್ಲ. ಬಾಗಿಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತು, ಆ ಅಳು ಮುಗಿಯುವವರೆಗೆ ಕಾದಳು.