ನೆಲ ಡೊಂಕಾದ ಭಾನುವಾರ

ಅನಿಸೆತೊನ ಮನೆಯಲ್ಲಿ ಇಬ್ಬರು ಹೆಂಗಸರು ಎಂದು ಬೀದಿಯವರೆಲ್ಲ ಗೇಲಿ ಮಾಡುತ್ತಿದ್ದರು. ಒಬ್ಬಳು ಕಟ್ಟಿಕೊಂಡ ಹೆಂಡತಿ ಒಲಿಂಪಿಯ. ಇನ್ನೊಬ್ಬಳು ದಡೂತಿ. ದಡೂತಿ ಎಂದರೆ ಅವನ ಡಬಲ್ ಬಾಸ್: ಆಳಿಗಿಂತ ಎತ್ತರ, ಅಗಲ ಸೊಂಟ, ಟೊಳ್ಳು ಹೊಟ್ಟೆ, ನಾಲ್ಕು ದಪ್ಪ ತಂತಿ, ನೆಲಕ್ಕೆ ಊರಿ ನಿಲ್ಲಲು ಕೆಳಗೊಂದು ಉಕ್ಕಿನ ಮೊಳೆ. ಹೆಂಡತಿಯನ್ನು ಅವನು ಒಂದು ದಿನವೂ ಹೊತ್ತು ತಿರುಗಿದವನಲ್ಲ. ದಡೂತಿಯನ್ನು ಮಾತ್ರ ಪ್ರತಿ ಭಾನುವಾರ ಊಟವಾದ ಮೇಲೆ ಹೆಗಲಿಗೇರಿಸಿ, ಮರದ ಮಹಡಿಯ ಕಡಿದಾದ ಮೆಟ್ಟಿಲು ಇಳಿಸಿ, ಫೆಯ್ಯೊನ ಪಿಕಪ್ ಗಾಡಿಗೆ ಹತ್ತಿಸಿ ಕ್ಲಬ್ಬಿಗೆ ಒಯ್ಯಬೇಕು. ಅಲ್ಲಿ ನುಡಿಸಿ ಮುಗಿದ ಮೇಲೆ ಅದೇ ಪಾಡು ಪಟ್ಟು ಹಿಂದಕ್ಕೆ ತರಬೇಕು. ಸಾಂತೊ ದೊಮಿಂಗೊದ ಶೇರ್ ಕಾರುಗಳಲ್ಲಿ ಮುಂದೆ ಇಬ್ಬರು, ಹಿಂದೆ ನಾಲ್ವರು, ತೊಡೆಯ ಮೇಲೆ ಎರಡು ಕೋಳಿ ಬೇಕಾದರೂ ಹಿಡಿಸುತ್ತವೆ. ಡಬಲ್ ಬಾಸ್ ಹಿಡಿಸುವುದಿಲ್ಲ.

ಈಗ ಅವನಿಗೆ ಅರವತ್ತೆಂಟು. ಎಡ ಹೆಗಲು ಕೈಕೊಟ್ಟಿತ್ತು. ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, “ಇದು ಹೆಗಲಲ್ಲ ಯಜಮಾನ್ರೇ, ತುಕ್ಕು ಹಿಡಿದ ಬಾಗಿಲ ಕೀಲು” ಎಂದಿದ್ದರು. ಅನಿಸೆತೊಗೆ ನಗು ಬರಲಿಲ್ಲ, ಸಿಟ್ಟೂ ಬರಲಿಲ್ಲ. ದಣಿವು ಬಂತು. ಈಚೆಗೆ ಯಾವ ಮಾತಿಗೂ ಅವನಿಗೆ ಬರುತ್ತಿದ್ದುದು ಅದೊಂದೇ.

ಹಾಗಿರುವಾಗ ಒಂದು ಬುಧವಾರ ಬ್ಯಾಂಡಿನ ಯಜಮಾನ ರಾದಾಮೆಸ್ ಉದ್ದನೆಯ ತೆಳು ಚೀಲವೊಂದನ್ನು ಹಿಡಿದು ಮಹಡಿ ಹತ್ತಿ ಬಂದ. ಬಾಗಿಲು ಬಡಿದ, ಇನ್ನೂ ಬಡಿದ, ಕೊನೆಗೆ ಒದ್ದ. ಒಲಿಂಪಿಯ ಬಾಗಿಲ ಪಕ್ಕದಲ್ಲೇ ಬಾಳೆಕಾಯಿ ಕರಿಯುತ್ತ ನಿಂತಿದ್ದಳು. ಒದ್ದಾಗ ಮಾತ್ರ ತಿರುಗಿದಳು.

“ಏನಮ್ಮಾ, ಕಿವೀಲಿ ಹತ್ತಿ ಇಟ್ಕೊಂಡಿದೀಯಾ?”

“ಎಣ್ಣೆ ಸದ್ದು ಕಣಪ್ಪ,” ಎಂದಳು ಅವಳು.

ಒಲಿಂಪಿಯಳದು ಜಾಣಗಿವುಡು ಎಂಬುದು ಆ ಬೀದಿಗೆಲ್ಲ ಗೊತ್ತಿದ್ದ ವಿಷಯ. ಕಾಫಿ ಉಕ್ಕಿ ಒಲೆ ಆರಿದರೂ ಕೇಳಿಸದು, ಗಂಡ ಕೂಗಿದರೂ ಕೇಳಿಸದು. ಆದರೆ ಅನಿಸೆತೊ ಮಧ್ಯಾಹ್ನ ದಡೂತಿಯನ್ನು ನುಡಿಸತೊಡಗಿ, ಕೆಳಮನೆಯ ಕಿಸ್ಕೇಯಳ ನಿದ್ದೆ ಕೆಟ್ಟು, ಅವಳು ಪೊರಕೆ ಹಿಡಿಯಿಂದ ತನ್ನ ಸೂರಿನ ಹಲಗೆಗೆ ಕುಟ್ಟಿದಳೋ, ಒಲಿಂಪಿಯ ಅಡುಗೆಮನೆಯಿಂದಲೇ, “ತಾಳ ತಪ್ತಿದೆ ಕಿಸ್ಕೇಯಾ!” ಎಂದು ಕೂಗುತ್ತಿದ್ದಳು. ಬೇಕಾದ್ದು ಕೇಳಿಸುತ್ತದೆ, ಬೇಡದ್ದು ಕೇಳಿಸುವುದಿಲ್ಲ ಎಂದು ಜನ ನಗುತ್ತಿದ್ದರು. ಅನಿಸೆತೊನೂ ನಕ್ಕವನೇ.

ರಾದಾಮೆಸ್ ಚೀಲವನ್ನು ಮಂಚದ ಮೇಲೆ ಹಾಕಿದ. “ಬಿಚ್ಚಿ ನೋಡು ಕಂಪಾದ್ರೆ.” ಅವನ ಮಗಳ ಜ್ಞಾನಸ್ನಾನದಲ್ಲಿ ಕೂಸನ್ನು ಎತ್ತಿಕೊಂಡು ನಿಂತವನು ಅನಿಸೆತೊ. ಅಂದಿನಿಂದ ಇಬ್ಬರೂ ಒಬ್ಬರಿಗೊಬ್ಬರು ಕಂಪಾದ್ರೆ, ಒಡಹುಟ್ಟಿದವರಿಗಿಂತ ಒಂದು ಕೈ ಮೇಲು.

ಬಿಚ್ಚಿದ. ಒಳಗೆ ಡಬಲ್ ಬಾಸಿನ ಕತ್ತು ಇತ್ತು, ತಂತಿ ಇದ್ದವು, ಹೊಟ್ಟೆಯೇ ಇರಲಿಲ್ಲ.

“ಇದೇನಯ್ಯ, ಊಟಕ್ಕೆ ಗತಿಯಿಲ್ಲದೆ ಸತ್ತ ಬಾಸಾ?”

“ಕರೆಂಟಿನ ಬಾಸು. ನಿಂತ್ಕೊಂಡೇ ನುಡಿಸೋದು. ನಿನ್ನ ಬೆರಳಿಗೆ ಹೊಸದೇನೂ ಇಲ್ಲ. ಎತ್ತು, ಒಂದೇ ಕೈಲಿ ಎತ್ತು.”

ಎತ್ತಿದ. ಬಲಗೈಯಲ್ಲೇ ಎದ್ದು ಬಂತು. ಮೂವತ್ತು ವರ್ಷ ಹೊತ್ತದ್ದೆಲ್ಲ ಒಮ್ಮೆಲೇ ನೆನಪಾಗಿ ಅವನಿಗೆ ಅಳು ಬಂದಂತಾಯಿತು.

“ಕರೆಂಟ್ ಹೋದ್ರೆ?”

“ಕ್ಲಬ್ಬಲ್ಲಿ ಇನ್ವರ್ಟರ್ ಇದೆ. ಅದೂ ಹೋದ್ರೆ ಬಿಯರ್ ಬಿಸಿಯಾಗುತ್ತೆ, ಆಮೇಲೆ ನಮ್ಮ ಸೋನ್ ಹಾಡು ಕೇಳೋಕೆ ನಾಯಿನೂ ಇರಲ್ಲ. ನೆಪ ಹುಡುಕಬೇಡ.”

ರಾದಾಮೆಸ್ ಸುತ್ತಿ ಬಳಸಿ ಮಾತಾಡುವವನಲ್ಲ. ಇದು ನ್ಯೂಯಾರ್ಕಿನಿಂದ ಬಂದದ್ದು. ಸಂಗೀತ ಶಾಲೆಯ ಮೇಷ್ಟ್ರೊಬ್ಬರದು. ಅವರಿಗೆ ಹಳೆಯ ಡಬಲ್ ಬಾಸ್ ಬೇಕು. ದಡೂತಿ ಅವರಿಗೆ, ಈ ಹೊಟ್ಟೆಯಿಲ್ಲದ ಕೋಲು ಇವನಿಗೆ. ಒಲ್ಲೆ ಎಂದರೆ? ಕಳೆದ ತಿಂಗಳು ಅನಿಸೆತೊ ಹೆಗಲು ಎತ್ತಲಾಗದೆ ಎರಡು ಭಾನುವಾರ ಮನೆಯಲ್ಲೇ ಮಲಗಿದ್ದ. ಬಾಸಿಲ್ಲದ ಸೋನ್ ಎಂದರೆ ಉಪ್ಪಿಲ್ಲದ ಸಾರು. ಕುಣಿಯುವವರು ಕುರ್ಚಿ ಹಿಡಿದಿದ್ದರು.

“ನಿನ್ನ ಬಿಟ್ಟು ಇನ್ನೊಬ್ಬನ್ನ ಕರೆಯೋಕೆ ನಂಗೂ ಮನಸ್ಸಿಲ್ಲ ಕಂಪಾದ್ರೆ,” ಎಂದ ರಾದಾಮೆಸ್. “ಆದ್ರೆ ಬಾಸ್ ಬರುತ್ತೋ ಇಲ್ವೋ ಅಂತ ಪ್ರತಿ ವಾರ ಬಾಗಿಲು ಕಾಯೋಕಾಗಲ್ಲ. ಈ ಭಾನುವಾರ ಇದನ್ನ ನುಡಿಸಿ ನೋಡು. ಸೋಮವಾರ ಬರ್ತೀನಿ. ಕೋಲೋ, ದಡೂತಿಯೋ, ಒಂದು ಹೇಳ್ಬಿಡು. ದಡೂತಿ ಅಂದ್ರೆ ನಾನು ಬೇರೆ ಯಾರನ್ನಾದ್ರೂ ನೋಡ್ಕೋತೀನಿ.”

ಅನಿಸೆತೊ ಮೂಲೆಯಲ್ಲಿ ನಿಂತಿದ್ದ ದಡೂತಿಯ ಕಡೆ ನೋಡಲಿಲ್ಲ. ನೋಡಿದರೆ ಮಾತು ಕೆಡುತ್ತದೆಂದು ಅವನಿಗೆ ಗೊತ್ತಿತ್ತು. ಮನಸ್ಸಿನಲ್ಲಿ ಅವಳನ್ನು ಆಗಲೇ ಮುಕ್ಕಾಲು ಪಾಲು ಕೊಟ್ಟುಬಿಟ್ಟಿದ್ದ.

ಭಾನುವಾರ ಅವನು ಕೋಲನ್ನು ಮಂಡಿಗಳ ನಡುವೆ ಹಿಡಿದು, ಒಲಿಂಪಿಯಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಎಲ್ಲರಂತೆ ಶೇರ್ ಕಾರಿನಲ್ಲಿ ಕ್ಲಬ್ಬಿಗೆ ಹೋದ. ಪಕ್ಕದವನು, “ಮೀನು ಹಿಡಿಯೋಕಾ ಅಜ್ಜ?” ಎಂದು ಕೇಳಿದ. ಅನಿಸೆತೊಗೆ ಬಹಳ ದಿನಗಳ ಮೇಲೆ ನಗು ಬಂತು.

ನದಿ ಬದಿಯ ಆ ಕ್ಲಬ್ಬಿನಲ್ಲಿ ವೇದಿಕೆ ಎಂಬುದಿಲ್ಲ. ಒಂದೇ ಹಲಗೆ ನೆಲ. ಒಂದು ತುದಿಯಲ್ಲಿ ಬ್ಯಾಂಡು, ಉಳಿದದ್ದೆಲ್ಲ ಕುಣಿಯುವವರದ್ದು. ಬಿಳಿ ಟೋಪಿ, ಎರಡು ಬಣ್ಣದ ಬೂಟು ತೊಟ್ಟ ಮುದುಕರು, ಬೀಸಣಿಗೆ ಹಿಡಿದ ಮುದುಕಿಯರು. ಅಲ್ಲಿ ಒಂದು ಪದ್ಧತಿಯಿದೆ. ಹಾಡು ಪಲ್ಲವಿಗೆ ಮರಳುವ ಮುನ್ನ ಬಾಸಿನವನು ತಂತಿ ಬಿಟ್ಟು ಬಾಸಿನ ಹೊಟ್ಟೆಗೆ ಅಂಗೈಯಿಂದ ಒಂದು ಪೆಟ್ಟು ಹಾಕುತ್ತಾನೆ. ಆ ಪೆಟ್ಟಿಗೆ ಗಂಡಸರೆಲ್ಲ ತಮ್ಮ ಜೊತೆಗಾತಿಯನ್ನು ಒಂದು ಸುತ್ತು ತಿರುಗಿಸುತ್ತಾರೆ. ಬೇರೆ ಕಡೆ ಕಲಿತು ಬಂದವರು ಇಲ್ಲಿ ಎಡವಿಯೇ ಎಡವುತ್ತಾರೆ, ಅವರನ್ನು ನೋಡಿ ನಗುವುದೂ ಪದ್ಧತಿಯೇ. ಗಂಡ ಬಾಸ್ ಹಿಡಿದು ನಿಂತಿರುವುದರಿಂದ ಒಲಿಂಪಿಯ ಯಾವಾಗಲೂ ಕುಣಿಯುತ್ತಿದ್ದುದು ಪಿಕಪ್ಪಿನ ಫೆಯ್ಯೊನ ಜೊತೆ. ಆ ಕ್ಲಬ್ಬಿನಲ್ಲಿ ಪೆಟ್ಟಿಗೆ ಸರಿಯಾಗಿ ತಿರುಗುವವಳು ಒಬ್ಬಳಿದ್ದರೆ ಅವಳೇ ಎನ್ನುವುದರಲ್ಲಿ ಎರಡು ಮಾತಿರಲಿಲ್ಲ.

ಮೊದಲ ಹಾಡು ಶುರುವಾಯಿತು. ಬಾಸಿನ ದನಿ ಮಾಡಿನ ತೊಲೆಗೆ ತೂಗುಹಾಕಿದ್ದ ಸ್ಪೀಕರ್ ಪೆಟ್ಟಿಗೆಗಳಿಂದ ತೊಳೆದಿಟ್ಟ ಹಾಗೆ ಬಂತು. ರಾದಾಮೆಸ್ ಗಿಟಾರ್ ಬಾರಿಸುತ್ತಲೇ ಕಣ್ಣು ಹೊಡೆದ. ಅನಿಸೆತೊನ ಹೆಗಲು ನೋಯುತ್ತಿರಲಿಲ್ಲ. ಹೆಗಲು ಇದೆಯೆಂಬುದೇ ಅವನಿಗೆ ಮರೆತುಹೋಗಿತ್ತು. ಹಾಡು ತಿರುವಿಗೆ ಬಂತು. ಕೈ ತಾನಾಗಿ ಎದ್ದಿತು, ಬೀಸಿತು, ಅಲ್ಲಿಲ್ಲದ ಹೊಟ್ಟೆಯನ್ನು ದಾಟಿ ಬಂದು ಅವನ ಪಕ್ಕೆಲುಬಿಗೇ ಪಟ್ಟೆಂದು ಬಡಿಯಿತು.

“ಪಾಪ ಒಪ್ಕೊಳ್ಳೋದಿದ್ರೆ ಚರ್ಚಿಗೆ ಹೋಗಪ್ಪಾ!” ಎಂದು ಮರಾಕದ ಗಿಲಕಿ ಆಡಿಸುವವನು ಕೂಗಿದ. ಸಭೆಯೆಲ್ಲ ನಕ್ಕಿತು.

ಎರಡನೆಯ ಸಲವೂ ಕೈ ಅದೇ ತಪ್ಪು ಮಾಡಿತು. ಮೂರನೆಯ ಸಲಕ್ಕೆ ಬೊಂಗೊದವನು ಉಪಾಯ ಮಾಡಿ ತನ್ನ ಡೋಲಿನ ಮೇಲೆ ಆ ಪೆಟ್ಟನ್ನು ಹಾಕಿದ. ಮುದುಕರೆಲ್ಲ ಅದಕ್ಕೇ ತಮ್ಮವರನ್ನು ತಿರುಗಿಸಿದರು, ಏನೂ ಆಗದವರ ಹಾಗೆ. ಹಳೆಯ ಪದ್ಧತಿಗಳು ಎಷ್ಟು ಸುಲಭವಾಗಿ ಸಾಯುತ್ತವೆ ಎಂದು ಅನಿಸೆತೊಗೆ ಒಳಗೇ ಚುಚ್ಚಿತು.

ಒಲಿಂಪಿಯ ಮಾತ್ರ ತಿರುಗಲಿಲ್ಲ. ಫೆಯ್ಯೊ ಕೈ ಎಳೆದ. ಅವಳು ತಡವಾಗಿ ತಿರುಗಿ ಪಕ್ಕದ ಜೋಡಿಗೆ ಡಿಕ್ಕಿ ಹೊಡೆದಳು. ಮತ್ತೊಮ್ಮೆ ಎಳೆದ, ಅವಳು ನಡುಮನೆಯಲ್ಲಿ ದಾರಿ ತಪ್ಪಿದವಳ ಹಾಗೆ ನಿಂತುಬಿಟ್ಟಳು. ಆಮೇಲೆ ಬೇಕಾದ್ದಕ್ಕಿಂತ ಬಹಳ ಗಟ್ಟಿಯಾಗಿ, “ಇವತ್ತು ಈ ನೆಲ ಸರಿಯಿಲ್ಲ!” ಎಂದಳು.

“ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ!” ಎಂದ ಫೆಯ್ಯೊ.

ಎಲ್ಲರೂ ಬಿದ್ದು ಬಿದ್ದು ನಕ್ಕರು. ಒಲಿಂಪಿಯಳೂ ನಕ್ಕಳು, ಆದರೆ ಅವರೆಲ್ಲರ ಬಾಯಿ ನೋಡಿದ ಮೇಲೆ. ಅದನ್ನು ಅನಿಸೆತೊ ಕಂಡ. ಅವಳು ಹೋಗಿ ಗೋಡೆ ಬದಿಯ ಕುರ್ಚಿಯಲ್ಲಿ ಕೂತು, ಬೂಟು ಕಳಚಿ, ಬರಿಗಾಲನ್ನು ಹಲಗೆಯ ಮೇಲೆ ಒತ್ತಿ ಇಟ್ಟಳು. ಒಂದು ಕಡೆ ಇಟ್ಟಳು, ತೆಗೆದು ಇನ್ನೊಂದು ಕಡೆ ಇಟ್ಟಳು. ಕಳೆದುಹೋದದ್ದನ್ನು ಕಾಲಿನಿಂದ ಹುಡುಕುತ್ತಿದ್ದಳು. ಬಾಗಿಲು ಒದ್ದಾಗ ಮಾತ್ರ ತಿರುಗಿದವಳು, ಉಕ್ಕಿ ಹೋದ ಕಾಫಿ, ಕೆಳಗಿನ ಪೊರಕೆ, ಎಲ್ಲ ಒಂದಕ್ಕೊಂದು ಕೂಡಿಕೊಂಡವು. ಜಾಣಗಿವುಡಲ್ಲ. ಬರೀ ಕಿವುಡು.

ಉಳಿದ ಹಾಡುಗಳನ್ನು ಅವನ ಬೆರಳುಗಳು ನುಡಿಸಿದವು. ಅವನಿಗೆ ಒಂದೂ ನೆನಪಿಲ್ಲ.

ಮನೆಗೆ ಬಂದು ಮೆಟ್ಟಿಲು ಹತ್ತುವಾಗ ಅವಳು ಮುಂದೆ, ಅವನು ಹಿಂದೆ. “ಒಲಿಂಪಿಯ,” ಎಂದ. ಅವಳು ಹತ್ತುತ್ತಲೇ ಇದ್ದಳು. “ಒಲಿಂಪಿಯಾ!” ಎಂದು ಬೀದಿಗೆ ಕೇಳುವಂತೆ ಕೂಗಿದ. ಹತ್ತುತ್ತಲೇ ಇದ್ದಳು. ಅವನು ಮೆಟ್ಟಿಲ ಹಲಗೆಗೆ ಕಾಲಿನಿಂದ ಒಂದು ಗುದ್ದು ಕೊಟ್ಟ. ಅವಳು ತಟಕ್ಕನೆ ತಿರುಗಿ, “ಏನು?” ಎಂದಳು.

ದೀಪದ ಕೆಳಗೆ ಅವಳೆದುರು ಕೂತು, ತುಟಿ ಕಾಣುವಂತೆ ಕೇಳಿದ. “ಯಾವಾಗಿಂದ?”

ಅವಳು ಸುಳ್ಳು ಹೇಳಲು ಬಾಯಿ ತೆರೆದಳು, ಹೇಳಲಿಲ್ಲ. “ಆ ದೊಡ್ಡ ಚಂಡಮಾರುತದ ವರ್ಷದಿಂದ ಸ್ವಲ್ಪ ಸ್ವಲ್ಪವಾಗಿ ಹೋಯ್ತು. ಈಗ ಪೂರ್ತಿ.”

“ಹೇಳೋಕೇನಾಗಿತ್ತು ಮಾರಾಯ್ತಿ?”

“ಹೇಳಿದ್ರೆ ಕಿವುಡಿ ಜೊತೆ ಯಾರು ಕುಣೀತಾರೆ? ಪಾಪ ಅಂತ ಕುರ್ಚಿ ಕೊಡ್ತಾರೆ.” ಅವಳು ತನ್ನ ಕಾಲು ನೋಡಿಕೊಂಡಳು. “ನೀನು ನಂಗೆ ಇಲ್ಲಿಂದ ಬರ್ತಿದ್ದೆ ಮುದುಕ. ದಡೂತಿ ಮೊಳೆಯಿಂದ ನೆಲಕ್ಕೆ, ನೆಲದಿಂದ ಇಲ್ಲಿಗೆ. ಪೆಟ್ಟು ಹಾಕಿದಾಗಂತೂ ಮಂಡಿ ತನಕ ಬರ್ತಿತ್ತು.”

“ಮೇಲಿನ ಸ್ಪೀಕರಿನಿಂದ ಏನೂ ಬರಲ್ವಾ?”

“ಬರುತ್ತೆ. ಮೂರು ದಿನದ ಸಾನ್ಕೋಚೊ ಸಾರಿನ ಥರ ಎಲ್ಲಾ ಕಲಸಿಕೊಂಡು ಬರುತ್ತೆ. ಗೆಣಸು ಯಾವುದು, ಮೂಳೆ ಯಾವುದು, ನೀನು ಯಾವುದು ಅಂತ ಗೊತ್ತಾಗಲ್ಲ.” ಆಮೇಲೆ ಅವಳು ಅವನ ಎಡ ಹೆಗಲ ಮೇಲೆ ಕೈಯಿಟ್ಟು ಹೇಳಿದಳು: “ಕೋಲು ತಗೋ. ನನ್ನ ಕಾಲಿಗೋಸ್ಕರ ಹೆಗಲು ಕಳ್ಕೊಂಡು ಕೂತ್ಕೋಬೇಡ. ಬ್ಯಾಂಡಿಲ್ದೆ ಇದ್ರೆ ನೀನು ಒಂದು ವರ್ಷ ಬದುಕಲ್ಲ, ನಂಗೊತ್ತು. ನಾನು ಗೋಡೆ ಪಕ್ಕ ಕೂತು ನೋಡ್ತೀನಿ. ಮತ್ತೆ ಇದನ್ನ ಯಾರಿಗೂ ಬಾಯಿ ಬಿಡಬೇಡ.”

ಅತ್ತ ದರಿ, ಇತ್ತ ಪುಲಿ. ಕೋಲು ಹಿಡಿದರೆ ಕ್ಲಬ್ಬು ಉಳಿಯುತ್ತದೆ, ಒಲಿಂಪಿಯ ಗೋಡೆ ಸೇರುತ್ತಾಳೆ. ದಡೂತಿಯನ್ನು ಇಟ್ಟುಕೊಂಡರೆ ಅವಳನ್ನು ಹೊತ್ತೊಯ್ಯಲು ಹೆಗಲಿಲ್ಲ, ಬ್ಯಾಂಡಿಲ್ಲ. ಅನಿಸೆತೊ ಬೆಳಗಾಗುವ ತನಕ ಒಂದೇ ಮಗ್ಗುಲಲ್ಲಿ ಮಲಗಿದ್ದ. ಇನ್ನೊಂದು ಮಗ್ಗುಲಿಗೆ ಹೊರಳಲು ಆ ಹೆಗಲು ಬಿಡುತ್ತಿರಲಿಲ್ಲ.

ಸೋಮವಾರ ರಾದಾಮೆಸ್ ದಡೂತಿಯನ್ನು ಸಾಗಿಸಲು ಫೆಯ್ಯೊನ ಪಿಕಪ್ಪನ್ನೇ ತಂದಿದ್ದ. ಬಾಗಿಲ ಬಳಿ ಚೀಲಕ್ಕೆ ಹಾಕಿ ಜಿಪ್ ಎಳೆದಿಟ್ಟಿದ್ದು ಕೋಲು.

“ಇದನ್ನ ತಗೊಂಡ್ಹೋಗು,” ಎಂದ ಅನಿಸೆತೊ.

“ಬುದ್ಧಿ ನೆಟ್ಟಗಿದೆಯಾ ಕಂಪಾದ್ರೆ? ಆ ಹೆಗಲಲ್ಲಿ ದಡೂತಿನ ಹೊರ್ತೀಯಾ?”

“ಹೊರಲ್ಲ. ದಡೂತಿ ಇನ್ನು ಮೆಟ್ಟಿಲು ಇಳಿಯಲ್ಲ. ನಾನೂ ಇಳಿಯಲ್ಲ.”

“ಮತ್ತೆ ಇಲ್ಲಿ ಯಾರಿಗೆ ನುಡಿಸ್ತೀಯ?”

“ಕೆಳಗಿನ ಕಿಸ್ಕೇಯಗೆ.”

ರಾದಾಮೆಸ್ ನಗಲಿಲ್ಲ. ಕಾರಣ ಹೇಳೆಂದು ಗೋಗರೆದ, ಬೈದ, ಮೂವತ್ತು ವರ್ಷದ ಋಣವನ್ನು ಮರದ ಕೊರಡಿಗಾಗಿ ಕಡಿದುಕೊಂಡೆಯಲ್ಲೋ ಎಂದ. ಹೇಳಬಹುದಾದ ಕಾರಣ ಅನಿಸೆತೊನ ನಾಲಿಗೆಯ ತುದಿಯಲ್ಲೇ ಇತ್ತು, ಆದರೆ ಅದು ಅವನ ಸ್ವತ್ತಾಗಿರಲಿಲ್ಲ. ಹಟಮಾರಿ ಮುದುಕ ಎಂಬ ಹೆಸರನ್ನು ಹೊತ್ತುಕೊಂಡ. ಇಷ್ಟು ಹೊತ್ತವನಿಗೆ ಅದೊಂದು ಭಾರವೇ? ಭಾರವೇ ಆಗಿತ್ತು. ಪಿಕಪ್ ತಿರುವು ದಾಟಿದ ಮೇಲೆ ಅವನು ಮಂಚದ ಮೇಲೆ ಕೂತು ಮಕ್ಕಳಂತೆ ಅತ್ತ.

ಮುಂದಿನ ಭಾನುವಾರ, ಊಟವಾದ ಹೊತ್ತಿಗೆ, ಬೀದಿಯಲ್ಲಿ ಫೆಯ್ಯೊನ ಹಾರನ್ ಕೇಳಿಸಿತು. ಅಭ್ಯಾಸಬಲ. ತಪ್ಪು ಅರಿವಾಗಿ ಫೆಯ್ಯೊ ಹೊರಟುಹೋದ. ಅನಿಸೆತೊ ಎತ್ತರದ ಸ್ಟೂಲಿನ ಮೇಲೆ ಕುಂಡೆಯೂರಿ, ದಡೂತಿಯನ್ನು ಎದೆಗೊರಗಿಸಿಕೊಂಡು, ಹಲಗೆಯಲ್ಲಿ ಅವಳೇ ಕೊರೆದುಕೊಂಡಿದ್ದ ತೂತಿಗೆ ಮೊಳೆಯನ್ನು ಕೂರಿಸಿದ. ಒಲಿಂಪಿಯ ಅಡುಗೆಮನೆಯ ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದಳು. ವಾರವಿಡೀ ಅವನ ಜೊತೆ ಮಾತು ಬಿಟ್ಟಿದ್ದಳು.

“ನಿಂಗೆ ತಲೆ ಕೆಟ್ಟಿದೆ,” ಎಂದಳು. “ಒಬ್ಬ ಕಿವುಡಿಗೋಸ್ಕರ ಯಾವನಾದ್ರೂ ಬ್ಯಾಂಡ್ ಬಿಡ್ತಾನಾ?”

ಅವನು ನುಡಿಸತೊಡಗಿದ. ಅವಳು ನಿಂತೇ ಇದ್ದಳು. ಸ್ವಲ್ಪ ಹೊತ್ತಿನ ಮೇಲೆ ಒಂದು ಚಪ್ಪಲಿ ಕಳಚಿದಳು. ಇನ್ನೊಂದನ್ನೂ ಕಳಚಿದಳು. ಮೇಜನ್ನು ಗೋಡೆಗೆ ತಳ್ಳಿ, ಫೆಯ್ಯೊ ಇದ್ದಾನೇನೋ ಎಂಬಂತೆ ಕೈ ಎತ್ತಿ ಹಿಡಿದು ಹೆಜ್ಜೆ ಹಾಕಿದಳು. ತಿರುವು ಬಂತು, ಅನಿಸೆತೊ ಅಂಗೈ ಬೀಸಿ ದಡೂತಿಯ ಹೊಟ್ಟೆಗೆ ಪೆಟ್ಟು ಹಾಕಿದ, ಅವಳು ಸರಿಯಾಗಿ ಅದರ ಮೇಲೆಯೇ ತಿರುಗಿದಳು. ಕೆಳಗಿನಿಂದ ಪೊರಕೆ ಕುಟ್ಟಿತು.

“ತಾಳ ತಪ್ತಿದೆ ಕಿಸ್ಕೇಯಾ!”

ಹೆಗಲು ಉರಿಯುತ್ತಿತ್ತು. ಹೊರಗೆ ಭಾನುವಾರದ ಬಿಸಿಲಿತ್ತು. ಈ ಹೊತ್ತಿಗೆ ಕ್ಲಬ್ಬಿನಲ್ಲಿ ಯಾವನೋ ಹೊಸಬ ಕೋಲು ಹಿಡಿದು ಅವನ ಜಾಗದಲ್ಲಿ ನಿಂತಿರುತ್ತಾನೆ. ಒಲಿಂಪಿಯಳ ಬೆನ್ನು ತನ್ನ ಕಡೆಗಿದ್ದಾಗ ಅನಿಸೆತೊ ನುಡಿಸುತ್ತಲೇ ಹೇಳಿದ: “ಅಲ್ಲಿಗೆ ಹೋಗ್ಬೇಕು ಅನ್ನಿಸ್ತಿದೆ ಕಣೇ. ತುಂಬಾ ಅನ್ನಿಸ್ತಿದೆ.”

ಅವಳು ಕುಣಿಯುತ್ತಲೇ ಇದ್ದಳು, ಬರಿಗಾಲಿನಲ್ಲಿ ಮುಂದಿನ ಪೆಟ್ಟಿಗಾಗಿ ಕಾಯುತ್ತ. ಅವನು ಕೈ ಎತ್ತಿದ.