ಹೆಸರು ಕೇಳದ ಡಬ್ಬ

"ನಗುಮುಖ ಯಾವುದು, ಅಳುಮುಖ ಯಾವುದು ಅಂತಾದ್ರೂ ಗೊತ್ತಾಗುತ್ತೇನೋ ಕತ್ತೆ ನನ್ಮಗನೆ? ಇಲ್ಲ, ಅದಕ್ಕೂ ನಿಮ್ಮಪ್ಪ ಬಂದು ಹೇಳ್ಕೊಡ್ಬೇಕಾ?"

ಮೇಸ್ತ್ರಿ ಬೈದದ್ದು ನೀಲಿ ತೊಟ್ಟಿಯ ಹುಡುಗನನ್ನು. ಅವನು ನೂಲಿನ ಲಡಿಯನ್ನು ಬಣ್ಣದಿಂದೆತ್ತಿ ಹಿಂಡುತ್ತಲೇ ತಲೆಯಾಡಿಸಿದ. ಪಕ್ಕದಲ್ಲಿ ಮೊಣಕೈವರೆಗೂ ತೊಟ್ಟಿಯೊಳಗೆ ಕೈಬಿಟ್ಟು ನಿಂತಿದ್ದವಳು ಅವನ ಅತ್ತಿಗೆ. ಮೈದುನ ಕರೆದದ್ದನ್ನೇ ಹಿಡಿದುಕೊಂಡು ಇಡೀ ಕಾರ್ಖಾನೆ ಅವಳನ್ನು ಅತ್ತಿಗೆ ಎನ್ನುತ್ತಿತ್ತು, ಅವಳಿಗಿಂತ ದೊಡ್ಡವರೂ ಸೇರಿ.

"ಅಪ್ಪ ಸತ್ತು ಮಣ್ಣಾದ, ಮೇಸ್ತ್ರಿ," ಎಂದಳು ಅವಳು, ಕೈ ತೆಗೆಯದೆ. "ಅಣ್ಣ ಇದ್ದ. ಅವನನ್ನ ನೀವೇ ಗುಂಡಿಗೆ ಇಳಿಸಿದ್ರಿ."

ಮೇಸ್ತ್ರಿ ಉಗುಳಿ ಮುಂದೆ ಹೋದ.

ತೊಟ್ಟಿಗಳ ಹಿಂದೆ ಗಸಿಗುಂಡಿ. ಎಲ್ಲ ಬಣ್ಣಗಳ ಕೊಳೆನೀರೂ ಅಲ್ಲಿಗೇ ಹರಿದು, ಗಸಿ ತಳದಲ್ಲಿ ಕಟ್ಟಿಕೊಳ್ಳುತ್ತದೆ. ಕಟ್ಟಿಕೊಂಡಾಗ ಯಾರಾದರೂ ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಇಳಿದು ಬಕೆಟ್ಟಿನಲ್ಲಿ ತುಂಬಿ ಕೊಡಬೇಕು. ತೊಟ್ಟಿಗೊಂದು ಸರದಿ. ಹಿಂದಿನ ಸರದಿ ನೀಲಿಯವರದು. ಅವಳ ಗಂಡ ಏಣಿ ಹಿಡಿದು ಇಳಿದವನು ಹಗ್ಗದ ತುದಿಯಲ್ಲಿ ಮೇಲೆ ಬಂದ. ಎದೆ ನಿಂತುಹೋಯಿತು ಎಂದು ಧಣಿ ಹೇಳಿದ. ಎದೆ ಯಾಕೆ ನಿಂತಿತು ಎಂದು ಕೇಳುವವರಿರಲಿಲ್ಲ.

ಈಗ ಕೇಳುವವರು ಬಂದಿದ್ದರು. ದೂರದಲ್ಲೆಲ್ಲೋ ಕೂತು ನೂಲು ಕೊಳ್ಳುವವರಿಗೆ ಕೂಲಿಯವರ ಮನಸ್ಸು ತಿಳಿಯುವ ಆಸೆ ಹುಟ್ಟಿತ್ತಂತೆ. ಅವರು ಕಳಿಸಿದ ಸರ್ವೆ ಹುಡುಗಿ ಗೋದಾಮಿನಲ್ಲಿ ಪರದೆ ಕಟ್ಟಿ, ಹಿಂದೆ ಎರಡು ಡಬ್ಬ ಇಟ್ಟಿದ್ದಳು. ಒಂದರ ಮೇಲೆ ನಗುವ ಮುಖ, ಇನ್ನೊಂದರ ಮೇಲೆ ಅಳುವ ಮುಖ. ಗುಂಡಿ ಕೆಲಸಕ್ಕೆ ಹೆದರಿಕೆ ಇಲ್ಲದವರು ನಗುವಿಗೆ ಬಿಲ್ಲೆ ಹಾಕಬೇಕು, ಹೆದರಿಕೆ ಇರುವವರು ಅಳುವಿಗೆ.

ಸಾಲಿನಲ್ಲಿ ಅತ್ತಿಗೆಯ ಮುಂದೆ ಕೆಂಪು ತೊಟ್ಟಿಯ ಮುದುಕ ಕೆಂಪಜ್ಜ ನಿಂತಿದ್ದ. ಈ ಸಲದ ಸರದಿ ಅವನ ತೊಟ್ಟಿಯದೇ, ಇಳಿಯಬೇಕಾದವನು ಅವನ ಅಳಿಯ.

"ಯಾವುದಕ್ಕೆ ಹಾಕ್ತೀಯ ಅಜ್ಜ?"

"ನಗೋದಕ್ಕೇ ಕಣವ್ವ. ಧಣಿ ಎದುರಿಗೆ ಅಳೋದು ಯಾವತ್ತು ಕಲ್ತಿದ್ದೀವಿ?"

"ಅಳಿಯ ಇಳೀತಾನಲ್ಲ."

"ಅಳೋ ಮುಖಕ್ಕೆ ಹಾಕಿದ್ರೆ ಇಳಿಸೋದು ಬಿಡ್ತಾರಾ? ಬಾಯಿ ಮುಚ್ಕೊಂಡು ಇಳಿದ್ರೆ ಕೂಲಿಯಾದ್ರೂ ಉಳಿಯುತ್ತೆ."

ಅವಳ ಸರದಿ ಬಂತು. ಹುಡುಗಿ ಸುಣ್ಣದಷ್ಟು ಬಿಳಿಯ ಮರದ ಬಿಲ್ಲೆಯೊಂದನ್ನು ಕೊಟ್ಟಳು.

"ಹೆಸರು ಬರ್ಕೊಳಲ್ವಾ ತಾಯಿ?"

"ಇಲ್ಲಮ್ಮ. ಹೆಸರೂ ಇಲ್ಲ, ಹೆಬ್ಬೆಟ್ಟೂ ಇಲ್ಲ. ಯಾರು ಏನು ಹೇಳಿದ್ರು ಅಂತ ದೇವರಿಗೂ ತಿಳಿಯಲ್ಲ."

"ಅಳು ಜಾಸ್ತಿ ಬಂದ್ರೆ?"

"ಗಸಿ ಎತ್ತೋ ಮಿಷನ್ ಹಾಕ್ಸಿ ಅಂತ ಕೊಳ್ಳೋರು ಹೇಳ್ತಾರೆ."

ಹುಡುಗಿ ಸುಳ್ಳು ಹೇಳುವ ಮುಖದವಳಲ್ಲ. ಅತ್ತಿಗೆ ಪರದೆಯ ಹಿಂದೆ ಹೋಗಿ ಬಿಲ್ಲೆಯನ್ನು ಮುಷ್ಟಿಯಲ್ಲಿ ಬಿಗಿಹಿಡಿದಳು. ಗಂಡನನ್ನು ಮೇಲೆಳೆದಾಗ ಬಾಯ್ತುಂಬ ಗಸಿಯಿತ್ತು. ಬಿಲ್ಲೆಯನ್ನು ಅಳುವ ಮುಖದೊಳಗೆ ಹಾಕಿದಳು. ಹಿಂದೆಯೇ ಬಂದ ಮೈದುನನೂ ಹಾಕಿದ. ನೀಲಿ ತೊಟ್ಟಿಯವರೆಲ್ಲ ಹಾಕಿದರು. ಆ ಹೆಣವನ್ನು ತೊಳೆದವರು ಅವರೇ ತಾನೆ.

ಸಂಜೆ ಅಂಗಳದಲ್ಲಿ ಮೇಜು ಹಾಕಿದರು. ಧಣಿ ಕುರ್ಚಿಯಲ್ಲಿ ಕೂತ. ಹುಡುಗಿ ಮೊದಲು ನಗುವ ಡಬ್ಬ ಸುರಿದಳು. ಬಿಲ್ಲೆಗಳ ರಾಶಿ ಬಿತ್ತು: ಕೆಂಪು ಬೆರಳಿನ ಗುರುತಿನವು, ಹಸಿರು ಗುರುತಿನವು, ಹಳದಿಯವು. ಆಮೇಲೆ ಅಳುವ ಡಬ್ಬ. ಒಂದು ಹಿಡಿಯಷ್ಟು ಬಿಲ್ಲೆ. ಎಲ್ಲದರ ಮೇಲೂ ನೀಲಿ.

ಮೈಮೇಲಿನ ಬಣ್ಣ ಬಣ್ಣವೆಂದು ಅವರಿಗೆ ಮರೆತೇಹೋಗಿತ್ತು. ಅನ್ನ ಉಂಡ ಕೈ ಅದು, ಮಗುವಿನ ತಲೆ ಬಾಚಿದ ಕೈ. ಅದು ಹೀಗೆ ಬಾಯಿಬಿಡುತ್ತದೆಂದು ಯಾರಿಗೆ ಹೊಳೆಯಬೇಕು? ಹುಡುಗಿಗೂ ಆಗಲೇ ಹೊಳೆದದ್ದು. ಸರಕ್ಕನೆ ಡಬ್ಬವನ್ನು ಬಿಲ್ಲೆಗಳ ಮೇಲೆ ಕವುಚಿದಳು. ಅಷ್ಟರಲ್ಲಿ ಧಣಿ ನೋಡಿಯಾಗಿತ್ತು.

"ಬಹಳ ಚೆನ್ನಾಗಿದೆಯಮ್ಮ ನಿಮ್ಮ ಸರ್ವೆ," ಎಂದ ಧಣಿ. "ಜನ ನಮ್ಮನ್ನ ಇಷ್ಟು ನಂಬ್ತಾರೆ ಅಂತ ಗೊತ್ತೇ ಇರ್ಲಿಲ್ಲ. ಹೀಗೇ ಬರೆದು ಕಳಿಸಿ."

ಹುಡುಗಿ ಅತ್ತಿಗೆಯ ಕಡೆ ನೋಡಿದಳು. ಡಬ್ಬಗಳನ್ನು ಎತ್ತಿಕೊಂಡು ಹೊರಟಳು. ಅವಳ ಕಾರು ಗೇಟು ದಾಟುವವರೆಗೆ ಧಣಿ ಕೈಮುಗಿದುಕೊಂಡೇ ನಿಂತಿದ್ದ.

ಮಾರನೆಯ ಬೆಳಿಗ್ಗೆ ಮೇಸ್ತ್ರಿ ಎಲ್ಲರನ್ನೂ ಗುಂಡಿಯ ಸುತ್ತ ನಿಲ್ಲಿಸಿದ. ಮುಚ್ಚಳ ಸರಿಸಿ ಏಣಿ ಇಳಿಬಿಟ್ಟಾಗಿತ್ತು. ಕೊಳೆತ ಮೊಟ್ಟೆಯ ವಾಸನೆ ಮೂಗಿಗೆ ಹೊಡೆಯಿತು.

"ಯಾರು ಅಂತ ನಾನು ಕೇಳಲ್ಲ," ಎಂದ, ಮೆತ್ತಗೆ. "ಹೆಸರು ಕೇಳಬಾರದು ಅಂದಿದ್ದಾರೆ. ಈ ಸಲಾನೂ ನೀಲಿಯೋರದ್ದೇ ಸರದಿ. ಬಾರೋ, ಅಣ್ಣ ಬಿಟ್ಟಿದ್ದನ್ನ ಮುಗಿಸು ಬಾ, ಬೋಳಿಮಗನೆ."

ಮೈದುನ ಅತ್ತಿಗೆಯ ಕಡೆ ಸರಿದ. ಮೇಸ್ತ್ರಿಯೇ ಅವನ ಸೊಂಟಕ್ಕೆ ಹಗ್ಗ ಸುತ್ತಿದ, ಗಂಟು ಬಿಗಿದ. ಕೆಂಪಜ್ಜ ನೆಲ ನೋಡುತ್ತಿದ್ದ. ಅವನ ಅಳಿಯ ಈ ಸಲ ಪಾರಾಗಿದ್ದ.

ಅತ್ತಿಗೆ ಮುಂದೆ ಬಂದಳು. "ಮೇಸ್ತ್ರಿ, ಹೆದರಿಕೊಂಡವನನ್ನ ಇಳಿಸಿದ್ರೆ ಕೆಲಸ ಕೆಡುತ್ತೆ. ಹೆದರಿಕೆ ಇಲ್ಲ ಅಂತ ಬಿಲ್ಲೆ ಹಾಕಿದೋರು ಇಷ್ಟೊಂದು ಜನ ಇದ್ದಾರಲ್ಲ? ಅವರನ್ನ ಕರೀರಿ. ನಗ್ತಾ ಇಳೀತಾರೆ."

"ಮುಚ್ಚೇ ಬಾಯಿ, ಮುಂಡೆ."

"ನಿಮ್ಮ ಸರ್ವೆನೇ ಹೇಳಿದ್ದು, ನಾನಲ್ಲ. ನೀವ್ಯಾವ ಡಬ್ಬಕ್ಕೆ ಹಾಕಿದ್ರಿ?"

ಮೇಸ್ತ್ರಿ ಅವಳನ್ನು ಬಿಟ್ಟು ಗುಂಪಿನತ್ತ ತಿರುಗಿದ. ಅವಳ ಬಾಯಿ ಅಲ್ಲೇ ಮುಚ್ಚಿಸಬೇಕಿತ್ತು ಅವನಿಗೆ. "ಯಾರಾದ್ರೂ ಒಬ್ಬ ಬರ್ರೋ ಮುಂದೆ. ಇವಳ ಮುಖಕ್ಕೆ ಉಗಿದ ಹಾಗಾಗ್ಲಿ. ಏನಜ್ಜ? ನಿನ್ನ ಅಳಿಯ?"

ಕೆಂಪಜ್ಜ ಅಳಿಯನ ರಟ್ಟೆ ಹಿಡಿದು ಒಂದು ಹೆಜ್ಜೆ ಹಿಂದೆ ಸರಿದ. ಹಸಿರಿನವರು ಸರಿದರು. ಹಳದಿಯವರು ಸರಿದರು, ಕೊನೆಗೆ ಉಳಿದ ನೀಲಿಯವರೂ. ಗುಂಡಿಯ ಸುತ್ತ ನೆಲ ಅಗಲವಾಗುತ್ತಾ ಹೋಯಿತು. ನಡುವೆ ಉಳಿದವರು ಮೂವರೇ: ಅತ್ತಿಗೆ, ಮೈದುನ, ಮೇಸ್ತ್ರಿ.

ಅತ್ತಿಗೆ ಮೈದುನನ ಸೊಂಟದ ಗಂಟಿಗೆ ಕೈಹಾಕಿದಳು. ಬಿಗಿಯಾಗಿತ್ತು, ಹಲ್ಲಿನಿಂದ ಕಚ್ಚಿ ಬಿಚ್ಚಿದಳು. ಹಗ್ಗವನ್ನು ಗುಂಡಿಗೆಸೆದಳು. ಏಣಿಯ ತಲೆಗೆ ಎರಡೂ ಕೈ ಕೊಟ್ಟು ಎತ್ತಿ ನೂಕಿದಳು. ಗಸಿ ಏಣಿಯನ್ನು ಸದ್ದಿಲ್ಲದೆ ನುಂಗಿತು.

"ತೆಗೀರಿ ಅದನ್ನ," ಎಂದ ಮೇಸ್ತ್ರಿ. ಯಾರಿಗೆ ಹೇಳಿದ್ದೆಂದು ಅವನಿಗೂ ಗೊತ್ತಿರಲಿಲ್ಲ.

ಮಹಡಿಯ ಕಿಟಕಿಯಿಂದ ಧಣಿ ಗೇಟಿನ ಕಡೆ ಕೈಸನ್ನೆ ಮಾಡಿದ. ಗೇಟಿನವನು ಯಾರೂ ಹೊರಬೀಳದಂತೆ ಬೀಗ ಜಡಿದ, ಬೀಗದ ಕೈಯನ್ನು ಜೇಬಿಗೆ ಹಾಕಿಕೊಂಡ. ತೊಟ್ಟಿಗಳಲ್ಲಿ ಅದ್ದಿಟ್ಟ ನೂಲು ಹಾಗೇ ನೆನೆದು ಕೆಡುತ್ತಿತ್ತು. ಅತ್ತಿಗೆ ಗುಂಡಿಯ ಕಟ್ಟೆಯ ಮೇಲೆ, ಅದರ ಬಾಯಿಗೆ ಅಡ್ಡಲಾಗಿ, ಕಾಲು ಮಡಿಸಿ ಕೂತಳು. ಅವಳ ಬೆನ್ನ ಹಿಂದೆ ಗಸಿಯೊಳಗಿಂದ ಗುಳ್ಳೆಗಳು ಒಂದೊಂದಾಗಿ ಮೇಲೆದ್ದು ಒಡೆಯುತ್ತಿದ್ದವು.