ಅಂಟುವುದಿಲ್ಲ

“ಹೇಳಕ್ಕಾಗಲ್ಲ ಮೇಡಂ” ಎಂದುಬಿಟ್ಟ ಗೋವರ್ಧನ. ಅಂದ ಮೇಲೆ ಎಡಗೈ ತೋಳಿನ ಗುಂಡಿ ಹಾಕಿದೆಯೇ ಎಂದು ಮುಟ್ಟಿ ನೋಡಿಕೊಂಡ.

ಹಾಸ್ಟೆಲಿನ ವಾರ್ಡನ್ ದಾಕ್ಷಾಯಿಣಿ ಸ್ಟಾಫ್‌ರೂಮಿನ ಬಾಗಿಲಲ್ಲೇ ನಿಂತಿದ್ದಳು. “ನೀವು ಜೀವಶಾಸ್ತ್ರದೋರು ಅಂತ ಕೇಳ್ದೆ ಸಾರ್. ಗಂಗಾ ಅಂತ, ಫಸ್ಟ್ ಇಯರಿನ ಹುಡುಗಿ. ಮೊಣಕೈ, ತಲೆ ಎಲ್ಲ ಬಿಳೀ ಹೊಟ್ಟು ಉದುರ್ತೈತೆ. ಸೋರಿಯಾಸಿಸ್ ಅಂತಾಳೆ. ರೂಮಿನ ಹುಡುಗೀರು ಅವಳ ತಟ್ಟೆ ಮುಟ್ಟಲ್ಲ. ಅಂಟಲ್ಲ ಅಂತ ನೀವೊಂದು ಮಾತು ಹೇಳಿದ್ರೆ ನಾನು ಅವ್ರ ಬಾಯಿ ಮುಚ್ಚಿಸ್ತೀನಿ.”

“ಡಾಕ್ಟರನ್ನ ಕೇಳೋದು ಒಳ್ಳೇದು.”

“ಹಂಗಾದ್ರೆ ಊರಿಗೇ ಕಳಿಸ್ತೀನಿ ಬಿಡ್ರಿ. ಅವರಪ್ಪನೂ ಬಂದಾರೆ.”

ಅವಳು ಹೋದಳು. ಅಂಟುವುದಿಲ್ಲ ಎಂದಿದ್ದರೆ ನಿಮಗೆ ಹೇಗೆ ಗೊತ್ತು ಎಂದು ಯಾರೂ ಕೇಳುತ್ತಿರಲಿಲ್ಲ. ಚರ್ಮದ ಪದರಗಳನ್ನು ಬೋರ್ಡಿನ ಮೇಲೆ ಬರೆದು ಸಂಬಳ ತೆಗೆದುಕೊಳ್ಳುವವನು ಅವನು. ಆದರೂ ಆ ಮಾತು ಬಾಯಿಂದ ಹೊರಬಿದ್ದರೆ ಅದರ ಜೊತೆಗೆ ತನ್ನ ಅಂಗಿಯೂ ಕಳಚಿಬೀಳುತ್ತದೆ ಎಂದು ಅನ್ನಿಸಿತ್ತು.

ತನ್ನ ಮೈಮೇಲಿನ ಅದೇ ಹೊಟ್ಟಿನ ಕಲೆಗಳಿಗೆ ಅವನು ಹಚ್ಚದೆ ಬಿಟ್ಟ ಔಷಧಿಯಿರಲಿಲ್ಲ. ಟಾರಿನ ಮುಲಾಮು ಹಚ್ಚಿದ ದಿನಗಳಲ್ಲಿ ಹಾಸಿಗೆಯೆಲ್ಲ ಹೊಸದಾಗಿ ಹಾಕಿದ ರಸ್ತೆಯಂತೆ ನಾರುತ್ತಿತ್ತು. ಹೆಂಡತಿ ನೇತ್ರಾವತಿ ಸೊಂಟನೋವಿನ ನೆಪ ಹೇಳಿ ನೆಲದ ಮೇಲೆ ಮಲಗತೊಡಗಿದಳು. ಸ್ಟೀರಾಯ್ಡ್ ಕ್ರೀಮಿಗೆ ಕಲೆಗಳು ಮಾಯವಾದವು, ಬಿಟ್ಟೊಡನೆ ಇಮ್ಮಡಿಯಾಗಿ ಬಂದವು. ಯಾವುದೋ ಎಲೆ ನೆನೆಸಿ ಬಿಸಿಲಿಗಿಟ್ಟ ಕೊಬ್ಬರಿ ಎಣ್ಣೆ ತುರಿಕೆಯನ್ನೇನೋ ತಗ್ಗಿಸಿತು, ಅಂಗಿಗಳೆಲ್ಲ ಹಾಳಾದವು. ಈಗ ಬೆಳಕಿನ ಚಿಕಿತ್ಸೆ. ಮೊದಲು ಯಾರಾದರೂ ಕಂಡಾರೆಂದು ದಾವಣಗೆರೆಗೆ ಹೋಗುತ್ತಿದ್ದ. ಪದೇಪದೇ ರಜೆ ಸಿಗದೆ ಕಾಲೇಜಿರುವ ದುರ್ಗದಲ್ಲೇ ಒಂದು ಕ್ಲಿನಿಕ್ ಹಿಡಿದಿದ್ದ.

ಮಧ್ಯಾಹ್ನ ಅಲ್ಲಿ ಪೇಪರು ಮುಖಕ್ಕೆ ಹಿಡಿದು ಕೂತಿದ್ದಾಗ “ಸಾರ್” ಎಂಬ ದನಿ ಕೇಳಿತು. ದುಪಟ್ಟಾದಲ್ಲಿ ತೋಳು ಸುತ್ತಿಕೊಂಡ ಹುಡುಗಿ. ಪಕ್ಕದಲ್ಲಿ ಹೆಗಲ ಮೇಲೆ ಕಂಬಳಿ ಹೊದ್ದ ಮನುಷ್ಯ.

“ಅಪ್ಪಾ, ನಮ್ಮ ಕಾಲೇಜಿನ ಸಾರು.”

“ನಾನು ಗಂಗನ ಅಪ್ಪ, ಯತ್ತಪ್ಪ” ಎಂದು ಆತ ಕೈಮುಗಿದ. “ನೀವ್ಯಾಕೆ ಬಂದ್ರಿ ಸಾರ್ ಇಲ್ಲಿಗೆ?”

“ಅಮ್ಮಂಗೆ ಔಷಧಿ ಬೇಕಿತ್ತು.”

ಅಮ್ಮ ತೀರಿಕೊಂಡು ಬಹಳ ಕಾಲವಾಗಿತ್ತು.

“ಡಾಕ್ಟ್ರು ಅಂಟಲ್ಲ ಅಂದ್ರು ಸಾರ್. ವಾರ್ಡನಮ್ಮ ಕೇಳವಲ್ರು. ಕಾಲೇಜಿನಾಗೆ ಯಾರೋ ಓದಿದೋರು ಹೇಳಕ್ಕಾಗಲ್ಲ ಅಂದ್ರಂತೆ.” ಯತ್ತಪ್ಪ ದನಿ ತಗ್ಗಿಸಿದ. “ನೀವೊಂದು ಮಾತು ಹೇಳ್ರಿ. ನಮ್ಮೂರಿಗೆ ಕರ್ಕಂಡು ಹೋದ್ರೆ ಇವಳು ಮತ್ತೆ ಬರ್ತಾಳಾ ಓದಕ್ಕೆ?”

“ನೋಡಾಣ.”

“ಫೋನ್ ಮಾಡಿದ್ರೂ ಸಾಕು ಸಾರ್.”

“ನೋಡಾಣ ಅಂದ್ನಲ್ಲ.”

ಗಂಗಾ ಅವನ ಮುಖ ನೋಡುತ್ತಿರಲಿಲ್ಲ. ಅವಳ ಕಣ್ಣು ಅವನ ಕಿವಿಯ ಹಿಂದೆ, ಕೂದಲು ಶುರುವಾಗುವಲ್ಲಿ ನೆಟ್ಟಿತ್ತು. ಅಲ್ಲಿ ಏನನ್ನು ಹುಡುಕಬೇಕೆಂದು ಎಲ್ಲರಿಗೂ ತಿಳಿಯುವುದಿಲ್ಲ. ಅವನು ಕಾಲರು ಮೇಲೆಳೆದುಕೊಂಡ. ಅವಳು ಥಟ್ಟನೆ ನೆಲ ನೋಡಿದಳು, ತಪ್ಪು ತನ್ನದೇ ಎಂಬಂತೆ.

“ಸ್ನಾನ ಆದಮೇಲೆ ಮೈ ಹಸಿ ಇರೋವಾಗ್ಲೇ ಎಣ್ಣೆ ಹಚ್ಚಬೇಕು ಸಾರ್” ಎಂದಳು ಮೆಲ್ಲಗೆ. “ಉರಿ ಕಮ್ಮಿ ಆಗ್ತೈತೆ. ಅಮ್ಮಂಗೆ ಹೇಳ್ರಿ.”

ಅವನು ಪೇಪರು ಮಡಚಿದ. ಒಳಗಿನಿಂದ ನರ್ಸ್ ಕೂಗಿದಳು: “ಗೋವರ್ಧನ್ ಸಾರ್, ಲೈಟ್ ರೆಡಿ ಐತೆ. ಬಟ್ಟೆ ಬಿಚ್ಚಿ ನಿಂತ್ಕಳ್ರಿ.”

ಎದ್ದ. ತಿರುಗಿ ನೋಡಲಿಲ್ಲ.

ಬೀರುವಿನಷ್ಟಗಲದ ಪೆಟ್ಟಿಗೆ, ಒಳಗೋಡೆಗಳ ತುಂಬ ಟ್ಯೂಬುಗಳು. ಕಪ್ಪು ಕನ್ನಡಕ ಹಾಕಿಕೊಂಡು ಬೆತ್ತಲೆ ನಿಂತ. “ಕೈ ಮೇಲೆತ್ರಿ” ಎಂದು ನರ್ಸ್ ಬಾಗಿಲೆಳೆದಳು. ಎತ್ತಿದ.

“ಔಷಧಿ ಅವ್ರಮ್ಮಂಗೆ ಅಂದ್ರಲ್ವೇನೆ?” ಯತ್ತಪ್ಪನ ದನಿ ಹೊರಗೆ.

ಕುರ್ಚಿ ಕಿರುಗುಟ್ಟಿತು.

“ಬಸ್ಸಿಗೆ ಹೊತ್ತಾಯ್ತು. ಹೋಗಾಣ ನಡಿ ಅಪ್ಪಾ.”

ಸುತ್ತಲೂ ಗುಂಯ್ ಎಂದು ಬೆಳಕು ಹೊತ್ತಿತು. ಮುಂದೆ, ಹಿಂದೆ, ಕಂಕುಳಲ್ಲಿ, ತೊಡೆಸಂದಿನಲ್ಲಿ, ಎಲ್ಲೂ ನೆರಳಿರಲಿಲ್ಲ. ಕಣ್ಣಿಗೆ ಮಾತ್ರ ಏನೂ ಕಾಣಲಿಲ್ಲ.

ಬೆಳಕು ಆರಿತು. ಬಾಗಿಲು ತೆರೆದ ಸದ್ದಾಯಿತು. “ಆಯ್ತು ಬರ್ರಿ ಸಾರ್” ಎಂದಳು ನರ್ಸ್.

ಅವನು ಕೈಯೆತ್ತಿಕೊಂಡೇ ನಿಂತಿದ್ದ.